ರೇಷ್ಮೆ ಹುಳು ಎದ್ದ ದಿನ

ಅವ್ವಾ,

ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿವೆ. ಇನ್ನು ಗೂಡು ಕಟ್ಟುವವರೆಗೆ ಹಗಲು ರಾತ್ರಿ ಸೊಪ್ಪು ಬೇಕು. ಬೆಳಗಿನದ್ದು ಹಾಕಿದ್ದೇನೆ. ಮಧ್ಯಾಹ್ನದ್ದನ್ನು ನೀನೂ ಅಪ್ಪನೂ ಕೊಯ್ದುಕೊಳ್ಳಿ. ಬೇಕೆಂದೇ ಈ ದಿನ ನೋಡಿ ಹೊರಟಿದ್ದೇನೆ.

ನನ್ನ ಶಾಲೆ ಬಿಡಿಸಿದ್ದು ಈ ಹುಳುವಿಗಾಗಿ. ಅಣ್ಣನಿಗೆ ಸೊಪ್ಪಿನ ಕೆಲಸ ಹೇಳಲೇ ಇಲ್ಲ. ಅವನು ಹೆಂಡತಿ ಜೊತೆ ಮೈಸೂರಿಗೆ ಹೋದ ಮೇಲೆ ನೀನು ಪಕ್ಕದ ಮನೆ ಜವರಮ್ಮನ ಹತ್ತಿರ ಹೇಳಿಕೊಂಡು ಅತ್ತೆ: "ಮನೇಲಿ ಯಾರೂ ಇಲ್ಲ ಕಣವ್ವಾ, ಬಿಕೋ ಅಂತದೆ." ಆಗ ನಾನು ಒಳಗೆ ಸೊಪ್ಪು ಹಾಕುತ್ತಿದ್ದೆ. ಈಗ ಹಾಗೇ ಹೇಳು, ಸುಳ್ಳಾಗುವುದಿಲ್ಲ.

ಗೆಳತಿ ಮಾಲಿನಿ ಜೊತೆ ನಂಜನಗೂಡಿಗೆ ಹೋಗುತ್ತಿದ್ದೇನೆ, ಗಾರ್ಮೆಂಟ್ಸ್ ಕೆಲಸಕ್ಕೆ. ಅಪ್ಪನ ಮಾತ್ರೆ ಟಿ.ವಿ. ಪಕ್ಕದಲ್ಲಿದೆ, ಊಟವಾದ ಮೇಲೆ ಕೊಡು. ಸಾರು ಬಿಸಿ ಮಾಡಿಕೋ.

ಅಣ್ಣ ಹೋದ ದಿನ, ಹೋದವರ ಹಿಂದೆಯೇ ಮನೆ ಗುಡಿಸಬಾರದೆಂದು, ಅವನು ತಲುಪಿದೆ ಎಂದು ಫೋನ್ ಮಾಡುವವರೆಗೆ ನೀನು ನನಗೆ ಪೊರಕೆ ಮುಟ್ಟಲು ಬಿಡಲಿಲ್ಲ. ನಾನು ಫೋನ್ ಮಾಡುವುದಿಲ್ಲ. ಯಾವಾಗ ಗುಡಿಸಬೇಕೋ ನೀನೇ ಯೋಚನೆ ಮಾಡು.

ಕೋಮಲ