ಮುರ್ತುಜಸಾಬರ ಹೆಸರಿಗೆ ಬಂದ ಕಾರ್ಡು

ರೇಡಿಯೋ ಪರವಾನಗಿ ತಪಾಸಣಾಧಿಕಾರಿಗಳ ಸನ್ನಿಧಾನಕ್ಕೆ
ಬಾದಾಮಿ, ಫೆಬ್ರುವರಿ 1957

ಮಾನ್ಯರೇ,

ತೀರಿಹೋದ ಮನುಷ್ಯನ ಹೆಸರಿಗೆ ಬಂದ ಒಂದು ಕಾರ್ಡು ತಮ್ಮ ಕಡತದಲ್ಲಿ ಬಿದ್ದಿದೆ. ಅಂಗೈಯಗಲದ ರಟ್ಟು. ಒಂದು ಬದಿಗೆ ತೆಂಗಿನ ಮರ ಮತ್ತು ಸಮುದ್ರ, ಇನ್ನೊಂದು ಬದಿಗೆ ನಾಲ್ಕು ಸಾಲು ಇಂಗ್ಲಿಷು. ಅದನ್ನು ಅವನ ಹೆಂಡತಿಗೆ ಕೊಡಿರೆಂದು ಮೂರು ಅರ್ಜಿ ಬರೆದೆ. ಒಂದಕ್ಕೂ ಉತ್ತರವಿಲ್ಲ. ಇದು ನಾಲ್ಕನೆಯದು, ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಮುರ್ತುಜಸಾಬ ನಮ್ಮೂರ ಸ್ಟೇಶನ್ ರೋಡಿನ ತನ್ನ ಮನೆಯಲ್ಲೇ ಗಡಿಯಾರ ರಿಪೇರಿ ಮಾಡುತ್ತಿದ್ದ. ದಮ್ಮಿನ ಬೇನೆ ಹತ್ತಿ ಹಾಸಿಗೆ ಹಿಡಿದ ಮೇಲೆ ಅವನಿಗೆ ಉಳಿದದ್ದು ಒಂದು ಹಳೆಯ ರೇಡಿಯೋ, ತಮ್ಮದೇ ಇಲಾಖೆಯ ಪರವಾನಗಿ ಇದ್ದದ್ದು. ರವಿವಾರ ಅಮೀನಗಡ, ಇಳಕಲ್ಲುಗಳಿಂದ ಇಬ್ಬರು ಮೂವರು ಬಸ್ಸು ಹತ್ತಿ ಬರುತ್ತಿದ್ದರು. ಅವನ ಹಾಸಿಗೆಯ ಸುತ್ತ ಕೂತು ಶಾರ್ಟ್‌ವೇವ್‌ನಲ್ಲಿ ದೂರದೇಶದ ಕೇಂದ್ರಗಳನ್ನು ಹುಡುಕುತ್ತಿದ್ದೆವು. ಅದೇ ನಮ್ಮ ಕ್ಲಬ್ಬು. ಏನು ಕೇಳಿಸಿತು, ಎಷ್ಟು ಗಂಟೆಗೆ, ನಡುವೆ ಯಾವ ಸದ್ದು ಅಡ್ಡ ಬಂತು ಎಂದು ಬರೆದು ಆ ಕೇಂದ್ರಕ್ಕೆ ಕಳಿಸುವುದು ಈ ಹವ್ಯಾಸದ ಪದ್ಧತಿ. ನಾವು ಬರೆದದ್ದು ನಿಜವೆಂದು ತಾಳೆಯಾದರೆ ಅವರು ಒಪ್ಪಿಗೆಯ ಕಾರ್ಡು ಕಳಿಸುತ್ತಾರೆ. ಇದರಿಂದ ಲಾಭವೇನೆಂದು ತಪಾಸಣೆಗೆ ಬಂದ ದಿನ ತಾವು ಕೇಳಿದಿರಿ. ಏನೂ ಇಲ್ಲ, ಮಾನ್ಯರೇ. ಪಾಯಖಾನೆಗೂ ಇನ್ನೊಬ್ಬರ ಹೆಗಲು ಹಿಡಿದು ಹೋಗುವ ಮನುಷ್ಯನ ಗೋಡೆಯ ಮೇಲೆ ಹದಿನಾಲ್ಕು ದೇಶಗಳ ಕಾರ್ಡುಗಳಿದ್ದವು, ಅಷ್ಟೆ.

ಹದಿನೈದನೆಯದಕ್ಕೆ ಅವನು ಮೊದಲೇ ಮೊಳೆ ಹೊಡೆಸಿದ್ದ. ಹೋದ ಏಪ್ರಿಲ್‌ನಲ್ಲಿ ಹೊತ್ತು ಮುಳುಗುವ ವೇಳೆಗೆ ಒಂದು ಕೇಂದ್ರ ಕೇಳಿಸತೊಡಗಿತ್ತು. ಗೋಡೆಯಾಚೆ ಯಾರೋ ಪಿಸುಗುಟ್ಟಿದಷ್ಟೇ ಸದ್ದು. ಪೆಸಿಫಿಕ್ ಸಾಗರದ ಒಂದು ಸಣ್ಣ ದ್ವೀಪದ್ದು ಎಂದ. ನಮಗಾರಿಗೂ ನಂಬಿಕೆಯಿರಲಿಲ್ಲ. ಹನ್ನೊಂದು ಸಂಜೆ ಕಿವಿಗೊಟ್ಟು ಕೇಳಿದ. ಅವನು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದೆ. ಅದೇ ವೇಳೆಗೆ ದಿನಾಲೂ ಗೂಡ್ಸ್ ಗಾಡಿ ಹಾಯುತ್ತಿತ್ತು. ಅದನ್ನು ಯಾಕೆ ಬರೆಯಬೇಕೆಂದು ಕೇಳಿದೆ.

"ಕೇಳಲಾರದ್ದನ್ನ ಕೇಳೇನಿ ಅಂತ ಬರೀಬ್ಯಾಡ್ರಿ ಮಾಸ್ತರ," ಎಂದ. "ಗಾಡಿ ಹೋತು, ಎರಡ ಮಿನಿಟು ಏನೂ ಕೇಳಲಿಲ್ಲ. ಎಷ್ಟಕ್ಕ ಬಂತು, ಎಷ್ಟಕ್ಕ ಹೋತು, ಎಲ್ಲಾ ಬರೀರಿ. ಸುಳ್ಳ ಹೇಳಿ ಕಾರ್ಡ ತೊಗೊಂಡು ಏನ್ ಮಾಡೂದೈತಿ?"

ಹೀಗೆ ಹನ್ನೊಂದು ದಿನದ ಗೂಡ್ಸ್ ಗಾಡಿಯ ವೇಳೆ, ಗಡಿಯಾರದವನ ಕರಾರುವಾಕ್ಕಿನಲ್ಲಿ, ಅರ್ಧ ನಿಮಿಷವೂ ಆಚೀಚೆಯಾಗದಂತೆ, ನಮ್ಮ ವಹಿಯಲ್ಲಿ ದಾಖಲಾಗಿ, ಪತ್ರದಲ್ಲಿ ಆ ದ್ವೀಪಕ್ಕೂ ಹೋಯಿತು. ಜುಲೈನಲ್ಲಿ ತಾವು ಬಂದಿರಿ. ವಹಿ ತಿರುವಿದಿರಿ. ಪರದೇಶಕ್ಕೆ ಹೋದ ಪತ್ರದ ನಕಲಿನಲ್ಲಿ ರೈಲಿನ ವೇಳೆ ಕಂಡು ತಮ್ಮ ಕಣ್ಣು ಅರಳಿತು. ದ್ವೀಪದ ಸೈನ್ಯ ಸಾವಿರಾರು ಮೈಲಿ ಈಜಿ ಬಂದು ನಮ್ಮ ಶೇಂಗಾ ಚೀಲದ ವ್ಯಾಗನ್ನು ಹಿಡಿದೀತೆಂದು ಹೆದರಿದಿರೇ? ರೇಡಿಯೋ ಹೊತ್ತಿರಿ, ವಹಿ ಹೊತ್ತಿರಿ. ಗೋಡೆಯ ಕಾರ್ಡುಗಳನ್ನು ಬಿಟ್ಟಿರಿ. ಅಷ್ಟು ದಯೆ ತಮ್ಮದು.

ಹೋಗುವ ಮುಂಚೆ ತಾವೊಂದು ಪ್ರಶ್ನೆ ಕೇಳಿದ್ದು ನೆನಪಿದೆಯೇ? "ಇದು ಯಾರ ಅಕ್ಷರ?"

"ನಂದ್ರಿ ಸಾಹೇಬ್ರ," ಎಂದ ಮುರ್ತುಜಸಾಬ.

ಅವನಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ, ಮಾನ್ಯರೇ. ತಾವು ಒಂದು ಸಾಲು ಬರೆಸಿ ನೋಡಲಿಲ್ಲ. ಅಕ್ಷರ ನನ್ನದು. ನಾನು ಸರಕಾರಿ ಸಾಲೆಯ ಮಾಸ್ತರ, ಅವನ ತಲೆದಿಂಬಿನ ಬದಿಗೇ ನಿಂತಿದ್ದೆ. ನೌಕರಿ ಹೋದೀತೆಂಬ ಹೆದರಿಕೆಗೆ ಬಾಯಿ ಬಿಡಲಿಲ್ಲ. ದಿನಾಲೂ ಮಕ್ಕಳಿಗೆ ಖರೆ ಹೇಳಬೇಕೆಂದು ಪಾಠ ಮಾಡುವವನು ನಾನು.

ಆಗಸ್ಟಿನಲ್ಲಿ ಅಂಚೆಯ ಹುಲ್ಲಪ್ಪ ನನ್ನನ್ನು ಸಾಲೆಯ ಬಾಗಿಲಿಗೆ ಕರೆದ. "ಮಾಸ್ತರ, ಸಾಬ್ರ ಹೆಸರಿಗೆ ತೆಂಗಿನ ಗಿಡದ ಚಿತ್ರದ ಕಾರ್ಡ ಬಂದಿತ್ರಿ, ಹಿಂದ ನಾಕ ಸಾಲ ಇಂಗ್ಲಿಷ ಇತ್ತು. ಆದ್ರ ಅವ್ರ ಟಪಾಲೆಲ್ಲಾ ಸಾಹೇಬ್ರ ಕಡೆ ಕಳಸಬೇಕಂತ ಹುಕುಂ ಆಗೇತಿ, ಮುಂಜಾನೇನ ಕಳಿಸಿಬಿಟ್ರು. ನಾ ಏನ್ ಮಾಡ್ಲಿ?" ಅವತ್ತಿನಿಂದ ಅವನು ಸ್ಟೇಶನ್ ರೋಡು ಬಿಟ್ಟು ಹಿಂದಿನ ಓಣಿಯಿಂದ ಓಡಾಡತೊಡಗಿದ. ಮುರ್ತುಜಸಾಬ ಮಾತ್ರ ದಿನಾ ಹೆಂಡತಿಯನ್ನು ಕೇಳುತ್ತಿದ್ದ, ಹುಲ್ಲಪ್ಪ ಬಂದನೇನು ಎಂದು. ಕಾರ್ಡು ಬಂದ ಸುದ್ದಿ ಹೇಳಿದರೆ ಸಂಕಟ ಹೆಚ್ಚಾದೀತೆಂದು ನಾನು ಹೇಳಲಿಲ್ಲ. ಅದೂ ತಪ್ಪೇ ಆಯಿತು. ಬರಬರುತ್ತ ಅವನಿಗೆ ತನ್ನ ಕಿವಿಯ ಮೇಲೆಯೇ ಸಂಶಯ ಬಂತು. "ಮಾಸ್ತರ, ನಾ ಕೇಳಿದ್ದು ಖರೇನ ಇತ್ತಲ್ಲ? ಬ್ಯಾನಿಯೊಳಗ ಏನರ ಭ್ರಮಾ ಆಗಿತ್ತೇನು?" ಖರೆ ಇತ್ತೆಂದೆ. ಬರಿಗೈಯಲ್ಲಿ ಹೇಳಿದ ಮಾತನ್ನು ಅವನು ನಂಬಲಿಲ್ಲ. ಡಿಸೆಂಬರಿನಲ್ಲಿ ತೀರಿಕೊಂಡ.

ಈ ನಡುವೆ ನಾವು ಮುಂಬೈ ರಾಜ್ಯದಲ್ಲಿ ಮಲಗಿ ಮೈಸೂರು ರಾಜ್ಯದಲ್ಲಿ ಎದ್ದೆವು. ರಾಜ್ಯವೇ ಸರಿಯಿತು, ತಮ್ಮ ಕಡತ ಸರಿಯಲಿಲ್ಲ. ಐದು ತಿಂಗಳು ಗುಡ್ಡ ಅಗೆದರೂ ತಮಗೆ ಇಲಿ ಕೂಡ ಸಿಗಲಿಲ್ಲ. ಆಕ್ಷೇಪಾರ್ಹವಾದದ್ದೇನೂ ಕಂಡುಬಂದಿಲ್ಲ, ಮಾಲೀಕರು ಖುದ್ದಾಗಿ ಹಾಜರಾಗಿ ರೇಡಿಯೋ ಒಯ್ಯತಕ್ಕದ್ದು ಎಂದು ಪತ್ರ ಬಂತು. ಅವನ ಹೆಂಡತಿ ದಸ್ತಗೀರಬಿ ಅದನ್ನು ನನ್ನಿಂದ ಓದಿಸಿದಳು.

"ಅವ್ರು ಮಣ್ಣಿಗೆ ಹೋಗಿ ಹತ್ತೊಂಬತ್ತ ದಿನಾ ಆತ್ರಿ. ಖುದ್ದ ಬರಬೇಕಂತ. ಹ್ಯಾಂಗ ಕಳಸ್ಲಿ, ಹೇಳ್ರಿ?"

ಹೇಗೆ ಕಳಿಸಬೇಕು, ಮಾನ್ಯರೇ? ತಮ್ಮ ನಿಯಮಾವಳಿಯಲ್ಲಿ ಇದಕ್ಕೊಂದು ಕಲಮು ಇದ್ದರೆ ತಿಳಿಸಿರಿ.

ರೇಡಿಯೋ ತಮ್ಮಲ್ಲೇ ಇರಲಿ. ಕೇಳುವ ಕಿವಿ ಹೋಗಿದೆ. ನನ್ನ ಬೇಡಿಕೆ ಇಷ್ಟೇ: ಕಡತದಲ್ಲಿ 'ಬರೆದವರು' ಎಂಬಲ್ಲಿ ಇರುವ ಅವನ ಹೆಸರು ಹೊಡೆದು ನನ್ನದನ್ನು ಬರೆಯಿರಿ, ಆಗುವ ಶಿಕ್ಷೆ ನನಗಾಗಲಿ. ಕಾರ್ಡನ್ನು ದಸ್ತಗೀರಬಿಗೆ ಕಳಿಸಿರಿ. ಹುಲ್ಲಪ್ಪನಿಗೆ ಇಂಗ್ಲಿಷು ಬಾರದು, ಆ ನಾಲ್ಕು ಸಾಲಿನಲ್ಲಿ ಏನಿದೆಯೆಂದು ನಮಗೆ ಇನ್ನೂ ಗೊತ್ತಿಲ್ಲ. ಅವನು ಕೇಳಿದ್ದು ಖರೆಯೇ ಎಂಬುದಕ್ಕೆ ಉತ್ತರ ತಮ್ಮ ಮೇಜಿನ ಮೇಲಿದೆ, ಮೊಳೆ ಅವನ ಗೋಡೆಯಲ್ಲಿದೆ.

ಇಂತಿ, ಕೇಳಿದಾಗ ಹೇಳದೆ, ಕೇಳುವವನು ಹೋದ ಮೇಲೆ ಹೇಳುತ್ತಿರುವ
ಪಂಢರೀನಾಥ ಮಾಸ್ತರ
(ನನ್ನ ಅಕ್ಷರವನ್ನು ವಹಿಯ ಅಕ್ಷರದೊಂದಿಗೆ ತಾಳೆ ನೋಡಲು, ಇದನ್ನೇ ಇಂಗ್ಲಿಷಿನಲ್ಲಿ ಕೈಯಾರೆ ಬರೆದ ಪ್ರತಿಯನ್ನು ತಮಗೆ ಕಳಿಸಿದ್ದೇನೆ.)