ಗ್ಯಾಸ್ ಖಾಲಿಯಾಗುವವರೆಗೂ

ಅಪ್ಪಾ,

ನಿನ್ನನ್ನು ನುಂಗಿದ ಗಣಿಯಲ್ಲೇ ನಾನೀಗ ಸುರಕ್ಷತಾ ಅಧಿಕಾರಿ. ಅಮ್ಮ ಇನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲ. ಇವತ್ತಿನದನ್ನು ಅವಳಿಗೆ ಹೇಳುವಂತಿಲ್ಲ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಮೇಲಿನ ಕಲ್ಲಿದ್ದಲು ಮುಗಿಯಿತು. ಈಗ ಕೈಹಾಕಿರುವುದು ನಿಮ್ಮ ಕಾಲದಲ್ಲಿ ಯಾರೂ ಮುಟ್ಟದ ಆಳದ ಪದರಕ್ಕೆ. ಅದರ ತುಂಬ ಗ್ಯಾಸ್. ನಿನ್ನ ಪಾಳಿಯಲ್ಲಿ ಹೊತ್ತಿಕೊಂಡಿತಲ್ಲ, ಅದೇ. ಅಗೆಯುವ ಮೊದಲೇ ಕೊಳವೆ ಇಳಿಸಿ ಅದನ್ನು ಹೀರಿ ಮೇಲಕ್ಕೆ ತರುತ್ತೇವೆ. ಗಣಿಯೊಳಕ್ಕೆ ಗಾಳಿ ಊದುವ ದೊಡ್ಡ ಫ್ಯಾನು ಈಗ ಓಡುವುದು ಅದೇ ಗ್ಯಾಸ್ ಉರಿಸಿ ತೆಗೆದ ಕರೆಂಟಿನಲ್ಲಿ.

ಇವತ್ತು ಪದರದಲ್ಲಿ ಇನ್ನೂ ಗ್ಯಾಸ್ ಉಳಿದಿತ್ತು. ಆದರೂ ಅಗೆತ ಶುರುವಾಗಲೇಬೇಕೆಂದು ಮ್ಯಾನೇಜರ್ ಪಟ್ಟು ಹಿಡಿದರು. ನಾನು ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತೆ.

“ನಿಮ್ಮಪ್ಪ ಒಂದು ದಿನಾನೂ ಎದುರು ಮಾತಾಡಿದವರಲ್ಲ. ಇಳಿ ಅಂದ್ರೆ ಇಳೀತಿದ್ರು,” ಅಂದರು.

“ಹೌದು ಸಾರ್. ಇಳಿದ್ರು, ಮೇಲೆ ಬರಲಿಲ್ಲ. ಗ್ಯಾಸ್ ಖಾಲಿಯಾಗೋವರೆಗೂ ಒಬ್ಬರನ್ನೂ ಬಿಡಲ್ಲ. ಬೇಕಾದ್ರೆ ನನ್ನನ್ನ ಕೆಲಸದಿಂದ ತೆಗೀರಿ.”

ಇಳಿಯಲು ಸಾಲಿನಲ್ಲಿ ನಿಂತಿದ್ದ ನಿನ್ನ ಹಳೆಯ ಜೊತೆಗಾರ, ನಾನು ಮಾಮ ಅನ್ನುವವನು, ತಲೆಯ ದೀಪ ಬಿಚ್ಚಿಟ್ಟು ಬೆಂಚಿನ ಮೇಲೆ ಕೂತ. “ನಮ್ಮ ಹುಡುಗಿ ಹೂಂ ಅಂದ್ಮೇಲೆ ಇಳೀತೀವಿ ಬಿಡಿ ಸಾರ್,” ಅಂದ. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಮ್ಯಾನೇಜರ್ ದುರುಗುಟ್ಟಿ ನೋಡಿ ಹೊರಟುಹೋದರು. ಅಗೆತ ನಿಂತಿದೆ. ನಾಳೆ ನನ್ನ ಕೆಲಸ ಇರುತ್ತದೋ ಇಲ್ಲವೋ.

ದೊಡ್ಡವರಿಗೆ ಎದುರಾಡಿದಳೆಂದು ನೀನು ಕೆಂಡವಾಗುತ್ತಿದ್ದೆ, ಗೊತ್ತು. ತಪ್ಪಾಯಿತು ಅಂತ ನಾನು ಅನ್ನುವುದಿಲ್ಲ. ಬಯ್ಯಬೇಕೆನಿಸಿದರೆ ಮನೆಗೆ ಬಾ, ಎದುರಿಗೆ ಕೂತು ಬಯ್ಯಿ.