ಬೆಳಿಗ್ಗೆ ಹತ್ತರ ಸಂಜೆ

ಫೆಬ್ರವರಿ 9, ಬೆಳಿಗ್ಗೆ

ಬ್ರಷ್ ತೊಳೆದಿಟ್ಟೆ. ತಾರಸಿಯ ಚಿತ್ರ ಇನ್ನೂ ಮುಗಿದಿಲ್ಲ. ನೀರಿನ ಟ್ಯಾಂಕು ಸರಿಯಾಗಿ ಕೂತಿದೆ, ಒಣಹಾಕಿದ ಬಟ್ಟೆಗಳೂ ಸೈ. ಹಿಂದಿನ ಆಕಾಶ ಮಾತ್ರ ಮುಖ ಗಂಟು ಹಾಕಿಕೊಂಡಿದೆ. ಎಷ್ಟು ಬಳಿದರೂ ಮಂಕು. ಎದ್ದು ಕಿಟಕಿಯ ಗಾಜು ಒರೆಸಿದೆ. ಗಾಜಿನ ತಪ್ಪಲ್ಲ.

ಕೆಳಗೆ ಅಂಗಡಿಯಲ್ಲಿ ಇವರು ಯಾರದೋ ಮದುವೆ ಫೋಟೋಗೆ ಫ್ರೇಮ್ ಹೊಡೆಯುತ್ತಿದ್ದಾರೆ. ನಮ್ಮ ಸಂಸಾರವೇ ಹೀಗೆ — ಕೆಳಗೆ ಇವರ ಸುತ್ತಿಗೆ, ಮೇಲೆ ನನ್ನ ಬ್ರಷ್. ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿದ್ದಷ್ಟು ಕಾಲ ಮಕ್ಕಳು ಬರೆದ ಹೂಕುಂಡ ತಿದ್ದಿದ್ದೇ ತಿದ್ದಿದ್ದು. ರಿಟೈರಾದ ಮೇಲೆ ಈ ಕೋಣೆ, ಈ ಬೆಳಗಿನ ಹೊತ್ತು, ಎರಡೂ ಪೂರ್ತಿ ನನ್ನವು.

ಇವತ್ತು ಗ್ಯಾಲರಿಯವಳು ಬರುತ್ತಾಳೆ. ಒಂದು ಕಾಲದಲ್ಲಿ ನನ್ನ ಕ್ಲಾಸಿನ ಕೊನೆಯ ಬೆಂಚಿನವಳು. ಈಗ ನನ್ನ ಚಿತ್ರ ಆರಿಸುವವಳು.

ಅದೇ ದಿನ, ಮಧ್ಯಾಹ್ನ

ಒಪ್ಪಿದಳು! ಏಪ್ರಿಲ್‌ನಲ್ಲಿ ಪ್ರದರ್ಶನ. ನನ್ನೊಬ್ಬಳದೇ. ಅರವತ್ತೆರಡರಲ್ಲಿ ಮೊದಲನೆಯದು.

ಹಳೆಯ ಚಿತ್ರಗಳನ್ನೆಲ್ಲ ಗೋಡೆಗೆ ಒರಗಿಸಿ ಪಕ್ಕಕ್ಕಿಟ್ಟಳು. ಈಚಿನ ಎರಡು ಮೂರು ವರ್ಷದವನ್ನೇ ಆರಿಸಿದಳು.

"ಇವುಗಳಲ್ಲಿ ಏನೋ ಒಂದು ಬೆಳಕಿದೆ ಟೀಚರ್. ಹೊತ್ತು ಮುಳುಗೋವಾಗ ಇರುತ್ತಲ್ಲ, ಅದು. ದಿನಾ ಸಂಜೆ ಕೂತು ಮಾಡ್ತೀರಾ?"

"ಇಲ್ವಲ್ಲ. ಬೆಳಿಗ್ಗೆ ಹತ್ತಕ್ಕೆ ಕೂರ್ತೀನಿ."

ತಮಾಷೆ ಅಂದುಕೊಂಡು ನಕ್ಕಳು. ಪ್ರದರ್ಶನಕ್ಕೆ 'ಸಂಜೆಗಳು' ಎಂದು ಹೆಸರೂ ಇಟ್ಟಳು. ಹೂಂ ಅಂದೆ. ಆ ಖುಷಿಯಲ್ಲಿ ಏನು ಹೇಳಿದ್ದರೂ ಹೂಂ ಅನ್ನುತ್ತಿದ್ದೆ.

ಇವರು ಮಾತ್ರ ಖಡಾಖಂಡಿತ. "ಎಲ್ಲಕ್ಕೂ ಫ್ರೇಮ್ ನಾನೇ ಹಾಕೋದು. ಬೇರೆಯವರ ಹತ್ರ ಕೊಟ್ರೆ ನಾನು ಆ ಕಡೆ ತಲೆ ಹಾಕಲ್ಲ, ಹೇಳಿಬಿಡು ಅವಳಿಗೆ."

ಫೆಬ್ರವರಿ 16

ಮೊನ್ನೆ ನಂಬರು ಕಾಣದೆ ಬೇರೆ ಯಾವುದೋ ಬಸ್ಸು ಹತ್ತಿ ಊರಾಚೆ ಇಳಿದಿದ್ದೆ. ಅದಕ್ಕೇ ಇವತ್ತು ಇವರು ಬಿಡದೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎರಡೂ ಕಣ್ಣಿಗೆ ಪೊರೆ. ಚೆನ್ನಾಗಿ ಬಲಿತಿದೆಯಂತೆ, ಏನೋ ಕಾಯಿಯ ಹಾಗೆ.

"ಇಷ್ಟು ಇಟ್ಕೊಂಡು ಹೇಗಮ್ಮಾ ಚಿತ್ರ ಬರೀತಿದ್ರಿ?"

"ಕೈಯಲ್ಲಿ ಡಾಕ್ಟ್ರೇ."

ಡಾಕ್ಟರು ನಕ್ಕರು. ಇವರು ನಗಲಿಲ್ಲ. ಮೊದಲು ಬಲಗಣ್ಣಿಗೆ ಆಪರೇಶನ್, ಅದು ವಾಸಿಯಾದ ಮೇಲೆ ಎಡಗಣ್ಣಿಗೆ. ಪ್ರದರ್ಶನದ ಹೊತ್ತಿಗೆ ಒಂದಾದರೂ ಆಗಲಿ ಅಂದೆ.

ಮಾರ್ಚ್ 2

ಪಟ್ಟಿ ಬಿಚ್ಚಿದರು.

ಗೋಡೆ ಬಿಳಿ. ನರ್ಸಿನ ಕೋಟು ಬಿಳಿ. ಬಿಳಿ ಎನ್ನುವ ಮಾತು ಗೊತ್ತಿತ್ತು, ಬಣ್ಣ ಮರೆತೇ ಹೋಗಿತ್ತು. ಹೊರಗೆ ಬಂದರೆ ಆಕಾಶ... ರಸ್ತೆಯ ನಡುವೆ ನಿಂತುಬಿಟ್ಟೆ. ಸ್ಕೂಟರಿನವನು ಹಾರ್ನ್ ಹೊಡೆದ. ಇವರು ರಟ್ಟೆ ಹಿಡಿದು ಎಳೆದರು.

ತಿರುಗಿ ಇವರನ್ನು ನೋಡಿದೆ. ತಲೆ ಯಾವಾಗ ಇಷ್ಟು ನರೆಯಿತು? ಕಣ್ಣಿನ ಕೆಳಗೆ ಆ ಗೆರೆಗಳು ಯಾವಾಗ ಬಂದವು?

"ಏನು ಹಾಗೆ ನೋಡ್ತಿದ್ದೀಯ?"

"ನಿಮಗೆ ವಯಸ್ಸಾಗಿದೆ ರೀ."

"ಆಪರೇಶನ್ ಮಾಡಿಸ್ಕೊಂಡು ಕಂಡುಹಿಡಿದದ್ದು ಇದನ್ನಾ?"

ಮಾರ್ಚ್ 3

ಮೆಟ್ಟಿಲು ಹತ್ತಬೇಡ ಅಂದಿದ್ದರು. ಹತ್ತಿದೆ. ಹತ್ತಬಾರದಿತ್ತು.

ಪ್ರದರ್ಶನಕ್ಕೆಂದು ಸಾಲಾಗಿ ನಿಲ್ಲಿಸಿದ್ದ ಚಿತ್ರಗಳೆಲ್ಲ ಚಹಾದಲ್ಲಿ ಅದ್ದಿ ತೆಗೆದ ಹಾಗಿವೆ. ಬಿಳಿಯ ಬಟ್ಟೆಗಳೆಂದು ಬಳಿದದ್ದು ಹಳದಿ. ನೀಲಿ ಆಕಾಶವೆಂದು ಬಳಿದದ್ದು ಮಣ್ಣು. ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದೆ — ಎಲ್ಲ ಸರಿಯಾಗಿದೆ. ಎಡಗಣ್ಣು ಮುಚ್ಚಿದೆ — ಮತ್ತೆ ಚಹಾ. ಮುಚ್ಚಿ ತೆಗೆದು, ಮುಚ್ಚಿ ತೆಗೆದು, ಕೊನೆಗೆ ಎರಡೂ ಮುಚ್ಚಿಕೊಂಡು ಕೂತೆ.

ಅವಳ ಸಂಜೆಯ ಬೆಳಕು ಇದು. ನನ್ನ ಕಣ್ಣಿನ ಕೊಳೆ.

ಇವರು ಹುಡುಕಿಕೊಂಡು ಮೇಲೆ ಬಂದರು.

"ನಿಮಗೆ ಕಾಣ್ತಿತ್ತಾ?"

"ಏನು?"

"ಎಲ್ಲಾ ಕಂದು ಬಣ್ಣಕ್ಕೆ ತಿರುಗ್ತಿದ್ದದ್ದು."

ಸಾಲಾಗಿ ನಿಂತ ಚಿತ್ರಗಳ ಕಡೆ ನೋಡಿದರು. "ಕಾಣ್ತಿತ್ತು."

"ಮತ್ತೆ ಬಾಯಿಬಿಟ್ಟು ಹೇಳೋದಲ್ವಾ!"

"ನೀನು ಬೇಕೂಂತಲೇ ಮಾಡ್ತಿದ್ದೀಯ ಅಂದ್ಕೊಂಡೆ ಕಣೇ. ಮದುವೆಯಾದ ಹೊಸದರಲ್ಲಿ ಒಂದ್ಸಲ, ಈ ಹಸಿರು ಸ್ವಲ್ಪ ಜಾಸ್ತಿಯಾಯ್ತೇನೋ ಅಂದಿದ್ದೆ. ವಾರಗಟ್ಟಲೆ ಮಾತು ಬಿಟ್ಟಿದ್ದೆ ನೀನು. ಆಮೇಲೆ ನಾನು ನಿನ್ನ ಬಣ್ಣದ ತಂಟೆಗೆ ಬಂದಿದ್ದೀನಾ?"

ನಿಜ. ಅದಕ್ಕೇ ಇನ್ನೂ ಸಿಟ್ಟು ಬಂತು.

ಮಾರ್ಚ್ 4

ಮಾತಿಲ್ಲ. ಹೊತ್ತುಹೊತ್ತಿಗೆ ಬಂದು ಡ್ರಾಪ್ಸ್ ಹಾಕುತ್ತಾರೆ. ತಲೆ ಹಿಂದಕ್ಕೆ ಬಗ್ಗಿಸಿ ಕೂರುತ್ತೇನೆ. ಯಾರ ಮೇಲೆ ಸಿಟ್ಟೋ ಅವರ ಕೈಯಲ್ಲೇ ಕಣ್ಣಿಗೆ ಮದ್ದು ಹಾಕಿಸಿಕೊಳ್ಳುವ ಕಷ್ಟ ಯಾರಿಗೂ ಬೇಡ.

ಮಾರ್ಚ್ 19

ಇವತ್ತಿಂದ ಕೆಲಸ ಮಾಡಬಹುದು ಅಂದರು ಡಾಕ್ಟರು. ನೇರ ತಾರಸಿಯ ಚಿತ್ರಕ್ಕೆ ಕೈ ಹಾಕಿದೆ. ಎಲ್ಲವನ್ನೂ ತಿದ್ದಿಬಿಡುವುದು, ಒಂದಾದ ಮೇಲೊಂದು — ಇದು ನನ್ನ ಪ್ಲಾನು. ಆಕಾಶಕ್ಕೆ ಹೊಸ ನೀಲಿ ಕಲಸಿ ಬಳಿದೆ.

ಹಳೆಯ ಅಂಗಿಗೆ ಹೊಸ ತೇಪೆ. ಆಕಾಶ ಒಂದು ಕಡೆ ಕಿರುಚುತ್ತದೆ, ಕೆಳಗೆ ತಾರಸಿ ಮಂಕು ಬಡಿದು ಕೂತಿದೆ. ಬಟ್ಟೆಗಳಿಗೂ ಬಿಳಿ ಹಾಕಿದೆ. ಇನ್ನೂ ಕೆಟ್ಟಿತು. ಒರೆಸಹೋದೆ, ಕೆಳಗಿನ ಪದರವೂ ಕಿತ್ತುಬಂತು. ಒಂದು ಚಿತ್ರ ಹೋಯಿತು.

ಇವರು ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಬಂದು, ಆ ಕ್ಯಾನ್ವಾಸಿಗೆಂದು ಮಾಡಿಟ್ಟಿದ್ದ ಫ್ರೇಮನ್ನು ಎತ್ತಿಕೊಂಡು ಕೆಳಗೆ ಹೋದರು. ಅದಕ್ಕೆ ಪಾಲಿಶ್ ಕೂಡ ಹಾಕಿಯಾಗಿತ್ತು.

ಉಳಿದವನ್ನು ಮುಟ್ಟುವುದಿಲ್ಲ.

ಮಾರ್ಚ್ 21

ಗ್ಯಾಲರಿಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಪೊರೆ, ಬೆಳಿಗ್ಗೆ, ಚಹಾ, ಹಾಳಾದ ತಾರಸಿ. ಚಿತ್ರಗಳೆಲ್ಲ ಸುಳ್ಳು, ಬೇಡವೆಂದರೆ ಪ್ರದರ್ಶನ ಬಿಡು, ಬೇಜಾರಿಲ್ಲ ಅಂದೆ. (ಬೇಜಾರಿಲ್ಲವಂತೆ! ಹೋಗುವಾಗ ದಾರಿಯುದ್ದಕ್ಕೂ ಅದೊಂದು ಮಾತನ್ನೇ ಬಾಯಿಪಾಠ ಮಾಡಿದ್ದೆ.)

ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದಳು. ಶಾಲೆಯಲ್ಲೂ ಹೀಗೇ.

"ಟೀಚರ್, ನಿಮಗೆ ಕಂಡಿದ್ದನ್ನೇ ತಾನೇ ನೀವು ಬರೆದಿದ್ದು?"

"ಹೌದು."

"ಕಷ್ಟಪಟ್ಟು ನೋಡಿ?"

"ಮತ್ತೆ? ಕಣ್ಣು ಉರಿಯೋವರೆಗೂ."

"ಹಾಗಿದ್ರೆ ಸುಳ್ಳು ಎಲ್ಲಿಂದ ಬಂತು? ಹೆಸರೊಂದು ಬದಲಾಯಿಸೋಣ, ಅಷ್ಟೇ."

ಹೊಸ ಹೆಸರು 'ಬೆಳಿಗ್ಗೆ ಹತ್ತು'. ಕಾರಣ ಯಾರಿಗೂ ವಿವರಿಸುವುದಿಲ್ಲ ಎಂದು ಇಬ್ಬರೂ ಒಪ್ಪಿದೆವು. ಮನೆಗೆ ಬಂದು ಇವರಿಗೆ ಹೇಳಿದೆ. ಮಾತು ಶುರುವಾಯಿತು. ಹಾಳಾದ ಚಿತ್ರದ ಫ್ರೇಮನ್ನು ಕೊಯ್ದು ಚಿಕ್ಕದಕ್ಕೆ ಹೊಂದಿಸಿದ್ದಾರಂತೆ. "ಮರ ಏನು ತಪ್ಪು ಮಾಡಿತ್ತು?"

ಏಪ್ರಿಲ್ 12

ಶುರುವಾಯಿತು. ಜನ ಬಂದರು. ಹಳೆಯ ಸ್ಟಾಫ್ ರೂಮಿನವರು, ಇವರ ಗಿರಾಕಿಗಳು, ಗುರುತಿಲ್ಲದವರೂ. ಇವರು ಇಸ್ತ್ರಿ ಶರ್ಟು ಹಾಕಿಕೊಂಡು ಎಲ್ಲರಿಗೂ ಫ್ರೇಮಿನ ಮೂಲೆ ತೋರಿಸುತ್ತಿದ್ದರು — "ನೋಡಿ, ಸಂದಿ ಕಾಣುತ್ತಾ?"

ಕೋಲು ಹಿಡಿದ ಹೆಂಗಸೊಬ್ಬರು ಅಂಗಡಿ ಬಾಗಿಲಿನ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದರು. ನನಗಿಂತ ಹಿರಿಯರು. ಬರೆದವಳು ನಾನೆಂದು ತಿಳಿದು ಕೈ ಹಿಡಿದುಕೊಂಡರು.

"ನಂಗೂ ಹೀಗೇ ಕಾಣೋದು ಈಗ. ಮನೇಲಿ ಹೇಳಿದ್ರೆ ಯಾರಿಗೂ ಅರ್ಥ ಆಗಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಕಣ್ಣಿನ ಡಾಕ್ಟರ ವಿಳಾಸ ಬರೆದುಕೊಟ್ಟೆ. ಅವರು ನಕ್ಕು ಚೀಲದಲ್ಲಿ ಇಟ್ಟುಕೊಂಡರು. ಮತ್ತೆ ಚಿತ್ರದ ಕಡೆ ತಿರುಗಿದರು.

ಏಪ್ರಿಲ್ 20

ಗ್ಯಾಲರಿಯವಳು ಮನೆಗೇ ಓಡಿ ಬಂದಳು. ದೊಡ್ಡ ಊರಿನ ದೊಡ್ಡ ಗ್ಯಾಲರಿಯವರು ನೋಡಿಕೊಂಡು ಹೋಗಿದ್ದಾರೆ. ಬರುವ ವರ್ಷ ಅಲ್ಲಿ ಪ್ರದರ್ಶನ. ಆದರೆ ಇಂಥವೇ ಬೇಕು, ಇನ್ನಷ್ಟು ಬೇಕು.

ಕುರ್ಚಿಯ ತುದಿಯಲ್ಲಿ ಕೂತಳು. "ಟೀಚರ್... ಆ ಎಡಗಣ್ಣಿಂದು ಸ್ವಲ್ಪ ಮುಂದಕ್ಕೆ ಹಾಕೋಕಾಗಲ್ವಾ? ಒಂದು ವರ್ಷ?"

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಚಹಾ ಕುಡಿಯದೇ ಎದ್ದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅದೇ ಮಾತು ನನ್ನ ತಲೆಗೂ ಬಂದಿತ್ತು, ಅವಳಿಗಿಂತ ಮೊದಲೇ.

ಅರವತ್ತೆರಡು. ಇನ್ನೊಬ್ಬರು ಬಂದು ಕೇಳುತ್ತಾರೆಂದು ಯಾವ ನಂಬಿಕೆ?

ಏಪ್ರಿಲ್ 23

ಬಲಗಣ್ಣಿಗೆ ಹತ್ತಿಯಿಟ್ಟು ಪಟ್ಟಿ ಕಟ್ಟಿಕೊಂಡು ಕೂತೆ. ಹಳೆಯ ಕಣ್ಣೊಂದರಲ್ಲೇ ಕೆಲಸ. ಕಿಟಕಿ, ಕುರ್ಚಿ, ಕುರ್ಚಿಯ ಮೇಲೊಂದು ಟವೆಲ್ಲು.

ಬಂತು. ಚೆನ್ನಾಗಿಯೇ ಬಂತು. ಅವಳು ನೋಡಿದರೆ ಕುಣಿದಾಡುತ್ತಾಳೆ.

ಆದರೆ ಕೂತಷ್ಟು ಹೊತ್ತೂ ಗೊತ್ತಿತ್ತು, ಟವೆಲ್ಲು ಬಿಳಿ. ಗೊತ್ತಿದ್ದೂ ಹಳದಿ ಬೆರೆಸಿದೆ. ಎಲ್ಲಿ ಎಷ್ಟು ಮಂಕು ಮಾಡಿದರೆ ಜನ ನಿಲ್ಲುತ್ತಾರೆ ಎಂಬುದೂ ಈಗ ಗೊತ್ತು. ಆಗ ಕಂಡದ್ದನ್ನು ಬಳಿದೆ. ಇವತ್ತು ಕಾಣದವಳ ವೇಷ ಹಾಕಿ ಬಳಿದೆ.

ಏಪ್ರಿಲ್ 24

ಚಿತ್ರ ಇವರಿಗೆ ತೋರಿಸಿದೆ. "ಈ ಸಲ ಬಾಯಿ ಬಿಡಿ. ಮಾತು ಬಿಡಲ್ಲ, ಆಣೆ."

ಕನ್ನಡಕ ಸರಿಮಾಡಿಕೊಂಡು ನೋಡಿದರು. ಹತ್ತಿರ ಹೋದರು. ಹಿಂದೆ ಬಂದರು.

"ಚೆನ್ನಾಗಿದೆ."

"ಆದ್ರೆ?"

"ಫ್ರೇಮ್ ಹಾಕು ಅಂದ್ರೆ ಹಾಕ್ತೀನಿ. ಆದ್ರೆ ಇದು ನಿನ್ನ ನೋಡಿ ಬೇರೆ ಯಾರೋ ಮಾಡಿದ ಹಾಗಿದೆ."

ಚಿತ್ರವನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಆಮೇಲೆ ಹೇಳಿದೆ, "ಎಡಗಣ್ಣು ಮಾಡಿಸ್ಕೊಂಡ್ರೆ ಆ ದೊಡ್ಡ ಗ್ಯಾಲರಿ ಕೈ ತಪ್ಪುತ್ತೆ."

"ತಪ್ಪುತ್ತೆ."

"ಆಮೇಲೆ ಏನು ಬರುತ್ತೋ ನಂಗೇ ಗೊತ್ತಿಲ್ಲ."

"ಅದು ನಿನ್ನ ಬಣ್ಣದ ವಿಚಾರ, ನಾನು ತಂಟೆಗೆ ಬರಲ್ಲ. ಕಣ್ಣಿನ ವಿಚಾರ ಕೇಳು, ಹೇಳ್ತೀನಿ. ನಾಳೆ ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡು."

ನಾಳೆಯವರೆಗೆ ಕಾಯಲಿಲ್ಲ. ಆಗಲೇ ಮಾಡಿದೆ.

ಮೇ 17

ಆಯಿತು. ಎರಡೂ ಕಣ್ಣು ಒಂದೇ ಮಾತು ಹೇಳುತ್ತಿವೆ. ಮುಚ್ಚಿ ತೆಗೆದು ನೋಡುವ ಆಟ ಮುಗಿಯಿತು. ಆ ಸಂಜೆ ಇನ್ನೆಂದೂ ಕಾಣುವುದಿಲ್ಲ. ಸ್ವಲ್ಪ ಅತ್ತೆ. ಕಣ್ಣಿಗೆ ಒಳ್ಳೆಯದಲ್ಲವೆಂದು ಇವರು ಬೈದರು.

ಜೂನ್ 18

ಗ್ಯಾಲರಿಯವಳು ಬಂದು ಹೊಸ ಚಿತ್ರಗಳನ್ನು ನೋಡಿದಳು. ಟ್ಯೂಬಿನಿಂದ ನೇರ ಹಾರಿಬಂದ ಹಾಗಿರುವ ನೀಲಿಗಳು, ಬಿಳಿಗಳು. ನನಗೇ ಗೊತ್ತು, ಇನ್ನೂ ಒರಟು. ರುಚಿ ಹತ್ತಿದ ಮಗುವಿನ ಹಾಗೆ ಬಳಿದಿದ್ದೇನೆ.

"ಬೇರೆಯೇ ಆಗಿವೆ ಟೀಚರ್. ಆ ದೊಡ್ಡ ಊರಿನವರು ಇವನ್ನ ತಗೊಳ್ಳಲ್ಲ."

"ನೀನು?"

ಯೋಚಿಸಿದಳು. ಸುಳ್ಳು ಹೇಳುವ ಅಭ್ಯಾಸವಿಲ್ಲ ಅವಳಿಗೆ, ಹೋಂವರ್ಕ್ ಮಾಡದ ದಿನವೂ ಹೇಳುತ್ತಿರಲಿಲ್ಲ.

"ಈಗ ಬೇಡ. ಆದ್ರೆ ಆಗಾಗ ಬಂದು ನೋಡ್ಕೊಂಡು ಹೋಗ್ತೀನಿ. ಬಾಗಿಲು ಹಾಕಬೇಡಿ."

ಈ ಸಲ ಚಹಾ ಕುಡಿದಳು. ಎರಡು ಲೋಟ.

ಜೂನ್ 20, ಬೆಳಿಗ್ಗೆ ಹತ್ತು

ಇವರ ಚಿತ್ರ ಇವತ್ತಿಂದ. ಇಷ್ಟು ವರ್ಷದಲ್ಲಿ ಒಮ್ಮೆಯೂ ಬರೆದಿರಲಿಲ್ಲ. ಅಂಗಡಿ ಅರ್ಧ ಬಾಗಿಲು ಹಾಕಿ ಬಂದಿದ್ದಾರೆ, ಬೇಗ ಮುಗಿಸು ಅಂತ ಅವಸರ ಬೇರೆ. ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಇಲ್ಲಿ ಗೀಚುತ್ತಾ ಕೂತಿದ್ದೇನೆ. ಮೂಗು? ಹಣೆ?

ಅಲ್ಲಾಡಬೇಡಿ ಅಂದೆ. ಅಲ್ಲಾಡಿಲ್ಲ ಅಂದರು. ಮಾತಾಡಿದರೂ ಅಲ್ಲಾಡಿದ ಹಾಗೇ ಅಂದೆ. ಈಗ ನಗು ತಡೆದುಕೊಂಡು ಕೂತಿದ್ದಾರೆ. ತಡೆದೂ ತಡೆದೂ ಕಿವಿಯ ತುದಿ ಕೆಂಪಗಾಗಿದೆ, ಕಿಟಕಿಯ ಬೆಳಕು ಅದರಲ್ಲಿ ತೂರಿ ಬರುತ್ತಿದೆ. ಆ ಕೆಂಪು ಇಳಿಯುವ ಮೊದಲು